ಎರಡನೇ ವಾಲ್ವ್

ಬಂದರಿನ ಎಣ್ಣೆ ಯಾರ್ಡಿನಲ್ಲಿ ಅವನನ್ನು ಎಲ್ಲರೂ ಬಿಗಿಯಣ್ಣ ಅಂತಲೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಕೊರಳಿಗೆ ನೇತುಹಾಕಿದ ಗುರುತಿನ ಚೀಟಿಯಲ್ಲಿ ಇತ್ತು, ಅದನ್ನು ಓದುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಅವನು ಮುಚ್ಚಿದ ವಾಲ್ವನ್ನು ಬೇರೆಯವರು ತೆಗೆದ ಉದಾಹರಣೆ ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದೂ ಇಲ್ಲ. ಮೂರು ಜನ ಸೇರಿ ಚಕ್ರ ಹಿಡಿದು ಜಗ್ಗುವುದು, ಬೆವರು ಒರೆಸಿಕೊಂಡು ಉಸ್ಸಪ್ಪಾ ಅಂತ ಕೂರುವುದು, ಕೊನೆಗೆ "ಕರೀರಪ್ಪ ಆ ಮಹಾರಾಯನ್ನ" ಅನ್ನುವುದು. ಅವನು ಬಂದು ಅಂಗೈಗೆ ಅಂಗೈ ಉಜ್ಜಿ, ಒಂದೇ ಪಟ್ಟಿಗೆ ತಿರುಗಿಸಿ, ಏನೂ ಆಗದವನ ಹಾಗೆ ಹೋಗಿಬಿಡುತ್ತಿದ್ದ. ಒಳಗೊಳಗೆ ಮಾತ್ರ ಹಿಗ್ಗಿ ಹೀರೇಕಾಯಿ ಆಗಿರುತ್ತಿದ್ದ.

ಯಾರ್ಡಿನಲ್ಲಾದರೆ ಹೊಗಳಿಕೆ, ಮನೆಯಲ್ಲಿ ಬೈಗುಳ. ನಲ್ಲಿಯ ವಾಷರು ತಿಂಗಳಿಗೊಂದು ಸವೆಯುತ್ತಿತ್ತು. ಗೇಟಿನ ಅಗುಳಿ ತೆಗೆಯಲು ಹಾಲಿನವನು ಕಲ್ಲು ಹುಡುಕುತ್ತಿದ್ದ. ಬೆಳಿಗ್ಗೆ ಐದೂವರೆಗೆ ಎದ್ದು ಟೀ ಮಾಡಿಕೊಂಡು ಶಿಫ್ಟಿಗೆ ಹೊರಡುವವನು ಅವನೇ ಆದ್ದರಿಂದ ಸಕ್ಕರೆ ಡಬ್ಬಿ ಮುಚ್ಚುವವನೂ ಅವನೇ. ಆಮೇಲೆ ಆ ಡಬ್ಬಿ ತೆಗೆಯುವ ಪಾಡು ಅವನ ಹೆಂಡತಿಯದು. ಅವಳು ದರ್ಜಿ, ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಊರಿನ ಅರ್ಧ ಜನರ ಬಟ್ಟೆ ಹೊಲಿಯುವವಳು; ಬೆರಳಲ್ಲಿ ಶಕ್ತಿ ಇಲ್ಲದವಳೇನಲ್ಲ. ಆದರೂ ಅವಳು ಡಬ್ಬಿಯನ್ನು ಮುಚ್ಚಳ ಹಿಡಿದೇ ಎತ್ತಿ, ಬಾಗಿಲ ಸಂದಿಗೆ ಆ ಮುಚ್ಚಳ ಸಿಕ್ಕಿಸಿ, ಡಬ್ಬಿಯನ್ನೇ ತಿರುಗಿಸುವ ಒಂದು ವಿದ್ಯೆ ಕಲಿತಿದ್ದಳು. ಬಾಗಿಲ ಚೌಕಟ್ಟಿನಲ್ಲಿ ಅಷ್ಟಗಲ ಬಣ್ಣ ಕಿತ್ತುಹೋಗಿತ್ತು. "ನನ್ನ ಗಂಡನ ಪ್ರೀತಿ ನೋಡಿ, ಬಾಗಿಲ ಮೇಲೆ ಕೆತ್ತಿದೆ" ಅಂತ ಬಟ್ಟೆ ಕೊಡಲು ಬಂದವರಿಗೆಲ್ಲ ತೋರಿಸುತ್ತಿದ್ದಳು.

ಹೀಗೆ ನಡೆದುಕೊಂಡು ಹೋಗುತ್ತಿದ್ದ ಬದುಕಿಗೆ ಒಂದು ದಿನ ಮ್ಯಾನೇಜರು ಬಂದು ಕಡ್ಡಿ ಆಡಿಸಿದರು. ಪಂಪ್ ಶೆಡ್ಡಿನಲ್ಲಿ ಎಲ್ಲರನ್ನೂ ನಿಲ್ಲಿಸಿ, ತಾವೊಂದು ಡ್ರಮ್ಮಿನ ಮೇಲೆ ಹತ್ತಿ ಹೇಳಿದರು: ಇನ್ನು ಎಣ್ಣೆಗೆ ಕಂಪನಿ ಹೊಸದಾಗಿ ಬಂಡವಾಳ ಹಾಕೋದಿಲ್ಲ. ಹಾಕೋದೆಲ್ಲ ಗ್ಯಾಸಿಗೆ. ನಾವೊಬ್ಬರೇ ಅಲ್ಲ, ನಮಗಿಂತ ದೊಡ್ಡ ಎಣ್ಣೆ ಕಂಪನಿಗಳೂ ಅದೇ ದಾರಿ ಹಿಡಿದಿವೆ. ಗ್ಯಾಸನ್ನು ಮೈನಸ್ ನೂರ ಅರವತ್ತು ಡಿಗ್ರಿಗೆ ತಣ್ಣಗೆ ಮಾಡಿದರೆ ನೀರಿನ ಹಾಗೆ ದ್ರವವಾಗುತ್ತೆ, ಆರುನೂರು ಕೊಡ ಗ್ಯಾಸು ಒಂದೇ ಕೊಡದಲ್ಲಿ ಹಿಡಿಸುತ್ತೆ, ಹಡಗಿಗೆ ತುಂಬಿ ಎಲ್ಲಿಗೆ ಬೇಕಾದರೂ ಕಳಿಸಬಹುದು. ಹಡಗು ನಿಲ್ಲೋ ಜೆಟ್ಟಿಯ ಆ ಕಡೆ ಏಳುತ್ತಿರೋ ಎರಡು ಬಿಳೀ ಟ್ಯಾಂಕು ಅದಕ್ಕೇ. ನಿಮ್ಮ ಕಪ್ಪು ಟ್ಯಾಂಕುಗಳನ್ನ ಒಂದೊಂದಾಗಿ ಖಾಲಿ ಮಾಡ್ತೀವಿ.

"ನಮ್ಮನ್ನ?" ಅಂತ ಹಿಂದಿನಿಂದ ಯಾರೋ ಕೇಳಿದರು.

ಯಾರ್ಡಿನಲ್ಲಿ ನಲವತ್ತಾರು ಜನ ಇದ್ದರು. ಗ್ಯಾಸಿನ ಕಡೆ ಹದಿನಾರು ಜಾಗ. ಎರಡು ತಿಂಗಳು ತರಬೇತಿ, ಆಮೇಲೆ ಪರೀಕ್ಷೆ. ತಪ್ಪಿದವರಿಗೆ ಇನ್ನೊಂದೇ ಒಂದು ಅವಕಾಶ. ಅದರಲ್ಲೂ ತಪ್ಪಿದರೆ ಹಾರ ಹಾಕಿ ಬೀಳ್ಕೊಡುಗೆ.

"ಭಾವ, ಎಣ್ಣೆಗೆ ಎಳ್ಳುನೀರು ಬಿಟ್ಟಾಯ್ತು" ಅಂದ ಪಕ್ಕದಲ್ಲಿ ನಿಂತಿದ್ದ ಬಾಮೈದ. ಹೆಂಡತಿಯ ತಮ್ಮ, ಅದೇ ಯಾರ್ಡಿನಲ್ಲಿ ಇಪ್ಪತ್ತು ವರ್ಷದಿಂದ ಇದ್ದವನು. ಅವನನ್ನು ಕೆಲಸಕ್ಕೆ ಸೇರಿಸಿದ್ದು ಬಿಗಿಯಣ್ಣನೇ, ಸೇರಿಸಿ ತಪ್ಪು ಮಾಡಿದೆ ಅಂತ ವಾರಕ್ಕೊಮ್ಮೆ ಹಣೆ ಚಚ್ಚಿಕೊಳ್ಳುತ್ತಿದ್ದವನೂ ಅವನೇ. ಬಾಮೈದ ಅಂಥ ಸೋಮಾರಿ. ಎಣ್ಣೆ ಸಾಗಿಸಿ ಮುಗಿದ ಮೇಲೆ ಕೊಳವೆಗೆ ಗಾಳಿ ಊದಿ ಖಾಲಿ ಮಾಡಬೇಕು, ಆಮೇಲೆ ಎರಡೂ ತುದಿಯ ವಾಲ್ವ್ ಮುಚ್ಚಬೇಕು. ಜೆಟ್ಟಿ ಕಡೆಯದು ಮೊದಲನೆಯದು, ಟ್ಯಾಂಕಿನ ಕಡೆಯದು ಎರಡನೆಯದು. ಬಾಮೈದ ಮೊದಲನೆಯದು ಮುಚ್ಚಿ, ಎರಡನೆಯದರ ಕಡೆ ಒಂದು ಸಲ ನೋಡಿ, ಸಿಗರೇಟು ಸೇದಲು ಗೇಟಿನಾಚೆ ಹೋಗಿಬಿಡುತ್ತಿದ್ದ. ಬಿಗಿಯಣ್ಣ ಬೈದುಕೊಂಡು ಹೋಗಿ ಆ ಎರಡನೆಯದನ್ನು ಮುಚ್ಚಿ, ಮೇಲಿಂದ ಇನ್ನೂ ಕಾಲು ಸುತ್ತು ಬಿಗಿದು ಬರುತ್ತಿದ್ದ. ಇಪ್ಪತ್ತು ವರ್ಷ.

ಆ ಸಂಜೆ ಅವನು ಹೆಂಡತಿಗೆ ವಿಷಯ ಹೇಳಿದ. "ಆ ಹದಿನಾರರಲ್ಲಿ ನಾನಿರಬೇಕು ಕಣೇ" ಅಂದ. ಐವತ್ತೊಂದು ವರ್ಷದ ಗಂಡಸು, ಆಟಕ್ಕೆ ತನ್ನನ್ನೂ ಸೇರಿಸಿಕೊಳ್ಳಿ ಅನ್ನುವ ಮಗುವಿನ ಹಾಗೆ ಹೇಳಿದ. ಅವಳಿಗೆ ನಗು ಬಂತು, ನಗಲಿಲ್ಲ. ಮನೆಗೆ ಅವಳ ದುಡಿಮೆ ಸಾಕಾಗುತ್ತಿತ್ತು, ಅದಲ್ಲ ಪ್ರಶ್ನೆ. ಅವನಿಗೆ ಬೆಳಿಗ್ಗೆ ಹೆಲ್ಮೆಟ್ ಹಾಕಿಕೊಂಡು ಹೋಗಿ ಕೊಳವೆಗಳ ನಡುವೆ ನಿಂತರೇನೇ ತಾನು ತಾನು ಅನ್ನಿಸುತ್ತಿತ್ತು. ಅದನ್ನು ಕಿತ್ತುಕೊಂಡರೆ ಈ ಮನುಷ್ಯ ಮನೆಯ ಒಂದೊಂದು ನಲ್ಲಿಯನ್ನೂ ಮುರಿದು ಹಾಕುತ್ತಾನೆ ಅಂತ ಅವಳಿಗೆ ಗೊತ್ತಿತ್ತು.

ಪಾಠ ಹೇಳಲು ಬಂದವಳು ಹಡಗಿನಲ್ಲಿ ಎಂಜಿನಿಯರಾಗಿದ್ದ ನಲವತ್ತರ ಹೆಂಗಸು. ಟೀಚರಮ್ಮ ಅಂತ ಹೆಸರಿಟ್ಟರು. ಗಟ್ಟಿ ದನಿ, ಕಡ್ಡಿ ಮುರಿದ ಹಾಗೆ ಮಾತು. ಮೊದಲ ದಿನವೇ ಕೇಳಿದಳು: "ನಿಮ್ಮಲ್ಲಿ ಎಷ್ಟು ಜನ ಮೂಗಿನಿಂದ ಸೋರಿಕೆ ಕಂಡುಹಿಡೀತೀರಿ?" ಎಲ್ಲರೂ ಹೆಮ್ಮೆಯಿಂದ ಕೈ ಎತ್ತಿದರು. "ಕೈ ಇಳಿಸಿ. ಇದಕ್ಕೆ ವಾಸನೆ ಇಲ್ಲ." ಮುಗಿಯಿತು. ಮೂವತ್ತು ವರ್ಷದ ಮೂಗು ಮೂರು ಸೆಕೆಂಡಿನಲ್ಲಿ ಕೆಲಸ ಕಳೆದುಕೊಂಡಿತು.

ಎರಡನೇ ವಾರ ಅವಳು ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ ದೂರ ನಿಲ್ಲಿಸಿದಳು. ಎರಡು ಪ್ಲಾಸ್ಟಿಕ್ ಬಾಟಲಿಗೆ ಕೊರೆಯುವಷ್ಟು ತಣ್ಣಗಿನ ದ್ರವ ಸಾರಜನಕ ಸುರಿದಳು. ಒಂದಕ್ಕೆ ಮುಚ್ಚಳ ಹಾಕಲಿಲ್ಲ. ಅದು ತನ್ನ ಪಾಡಿಗೆ ಹೊಗೆಯಾಡುತ್ತಾ ನಿಂತಿತು. ಇನ್ನೊಂದಕ್ಕೆ ಬಿಗಿಯಾಗಿ ಮುಚ್ಚಳ ಹಾಕಿ, ಉದ್ದನೆಯ ಇಕ್ಕಳದಲ್ಲಿ ಹಿಡಿದು ಕಬ್ಬಿಣದ ಡ್ರಮ್ಮಿಗೆ ಇಳಿಸಿ, "ಬನ್ನಿ, ಟೀ ಕುಡಿಯೋಣ" ಅಂದಳು. ಬಾಮೈದ ಇನ್ನೂ ಮೊದಲ ಗುಟುಕು ಕುಡಿದಿರಲಿಲ್ಲ, ಢಂ! ಡ್ರಮ್ಮು ಅಲ್ಲಾಡಿತು, ಟೀ ಅವನ ಅಂಗಿಯ ಮೇಲೆ ಬಿತ್ತು.

"ಎಣ್ಣೆ ಕೊಳವೆ ಖಾಲಿ ಮಾಡಿ ಮುಚ್ತಿದ್ರಿ. ಇಲ್ಲಿ ಖಾಲಿ ಮಾಡೋಲ್ಲ" ಅಂದಳು ಟೀಚರಮ್ಮ. "ಖಾಲಿಯಾದರೆ ಕೊಳವೆ ಬಿಸಿಯಾಗುತ್ತೆ, ಮತ್ತೆ ತಣ್ಣಗೆ ಮಾಡೋಕೆ ದಿನಗಟ್ಟಲೆ ಬೇಕು. ಹಾಗಾಗಿ ಒಳಗೆ ಯಾವಾಗಲೂ ದ್ರವ ಇರುತ್ತೆ. ಎರಡೂ ಕಡೆ ಮುಚ್ಚಿದರೆ ಒಂದು ಕೊಡ ಆರುನೂರು ಕೊಡ ಆಗೋಕೆ ನೋಡುತ್ತೆ. ಜೆಟ್ಟಿ ಕಡೆಯದು ಮುಚ್ಚಿ. ಟ್ಯಾಂಕಿನ ಕಡೆಯದು, ಅಂದರೆ ಎರಡನೇ ವಾಲ್ವು, ತೆರೆದೇ ಇರಬೇಕು. ಉಬ್ಬಿದ್ದು ಟ್ಯಾಂಕಿಗೆ ವಾಪಸ್ ಹೋಗಬೇಕು."

"ಸೇಫ್ಟಿ ವಾಲ್ವ್ ಅಂತ ಒಂದಿರುತ್ತಲ್ಲಾ ಮೇಡಂ?" ಅಂದ ಬಾಮೈದ ಅಂಗಿ ಹಿಂಡುತ್ತಾ.

"ಇರುತ್ತೆ. ಬೆಂಕಿ ಆರಿಸೋರು ಇದ್ದಾರೆ ಅಂತ ನಿಮ್ಮ ಮನೆ ಪರದೆಗೆ ಕಡ್ಡಿ ಗೀರ್ತೀರಾ?"

ಬಿಗಿಯಣ್ಣ ತಲೆಯಾಡಿಸಿದ. ಅವನಿಗೆ ಚೆನ್ನಾಗಿ ಅರ್ಥವಾಯಿತು. ಎಲ್ಲ ಬರೆದುಕೊಂಡ, ಮನೆಗೆ ಹೋಗಿ ಮತ್ತೆ ಓದಿದ, ಹೆಂಡತಿಗೆ ಒಪ್ಪಿಸಿದ. ತೊಂದರೆ ಏನೆಂದರೆ, ಅರ್ಥವಾಗಿದ್ದು ತಲೆಗೆ. ಕೈ ಆ ದಿನ ಕ್ಲಾಸಿಗೇ ಬಂದಿರಲಿಲ್ಲ.

ಪರೀಕ್ಷೆಗೆ ಹಳೇ ಕ್ಯಾಂಟೀನಿನ ಹಿಂದಿನ ಕೋಣೆಯಲ್ಲಿ ಒಂದು ಪುಟ್ಟ ಏರ್ಪಾಡು: ಟ್ಯಾಂಕು, ಪಂಪು, ಇಪ್ಪತ್ತು ಅಡಿ ಕೊಳವೆ, ಎರಡು ವಾಲ್ವ್. ಒಳಗೆ ಬರೀ ನೀರು. ಹತ್ತೊಂಬತ್ತು ಹೆಜ್ಜೆ. ಒಬ್ಬೊಬ್ಬರಾಗಿ ಹೋಗಿ ಮಾಡಿ, ಹಾಳೆಗೆ ಸಹಿ ಹಾಕಿ ಬರಬೇಕು. ಮೇಲೊಂದು ಕ್ಯಾಮೆರಾ ಎಲ್ಲ ನೋಡುತ್ತಿರುತ್ತದೆ. ಬಿಗಿಯಣ್ಣ ಹತ್ತೊಂಬತ್ತನ್ನೂ ಗಡಿಯಾರದ ಹಾಗೆ ಮಾಡಿ ಮುಗಿಸಿದ. ಹೊರಗೆ ಬಂದು ಬಾಮೈದನ ಬೆನ್ನಿಗೆ ಗುದ್ದಿ, "ನೀರು ಕುಡಿದ ಹಾಗಿತ್ತು ಕಣೋ" ಅಂದ.

ಮಾರನೇ ದಿನದ ಪಟ್ಟಿಯಲ್ಲಿ ಬಾಮೈದ ಎರಡನೆಯವನು. ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದ ಹೆಂಗಸೂ ಅರ್ಜಿ ಹಾಕಿದ್ದಳು, ಅವಳು ಮೊದಲನೆಯವಳು. ಬಿಗಿಯಣ್ಣ ಎಲ್ಲೂ ಇರಲಿಲ್ಲ.

"ಏನೋ ತಪ್ಪಾಗಿದೆ ಮೇಡಂ" ಅಂದ ಅವನು ಟೀಚರಮ್ಮನ ಮೇಜಿನ ಮುಂದೆ ನಿಂತು.

"ಎರಡನೇ ವಾಲ್ವ್ ಮುಚ್ಚಿದ್ದೀರಿ."

"ಮುಚ್ಚಿಲ್ಲ."

"ಮುಚ್ಚಿದ್ದೀರಿ."

"ನನ್ನ ಹೆಂಡತಿ ಮೇಲಾಣೆ ಮುಚ್ಚಿಲ್ಲ!"

ಅವಳು ಕಂಪ್ಯೂಟರನ್ನು ಅವನ ಕಡೆ ತಿರುಗಿಸಿದಳು. ಪರದೆಯ ಮೇಲೆ ಬಿಗಿಯಣ್ಣ ಹಾಳೆಗೆ ಸಹಿ ಹಾಕಿದ, ಪೆನ್ನು ಜೇಬಿಗಿಟ್ಟ, ಬಾಗಿಲ ಕಡೆ ಹೊರಟ. ಹೊರಟವನ ಬಲಗೈ, ಅವನ ಪರಿವೆಯೇ ಇಲ್ಲದೆ, ಪಕ್ಕದ ಎರಡನೇ ವಾಲ್ವಿನ ಚಕ್ರ ಹಿಡಿದು ತಿರುಗಿಸಿತು. ಪೂರ್ತಿ ಮುಚ್ಚಿತು. ಮೇಲಿಂದ ಇನ್ನೂ ಕಾಲು ಸುತ್ತು. ಅಷ್ಟೂ ಹೊತ್ತು ಅವನ ಮುಖ ಬಾಗಿಲ ಕಡೆಗೇ ಇತ್ತು, ಬಾಯಿ ಶಿಳ್ಳೆ ಹಾಕುತ್ತಿತ್ತು.

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವನಿಗೆ. ಆಣೆ ಬೇರೆ ಇಟ್ಟಿದ್ದ.

"ನಿಮ್ಮ ಹಾಗೇ ಇನ್ನೂ ಆರು ಜನ ಇದೇ ಜಾಗದಲ್ಲಿ ಬಿದ್ದಿದ್ದಾರೆ" ಅಂದಳು ಟೀಚರಮ್ಮ, ಈ ಸಲ ಸ್ವಲ್ಪ ಮೆತ್ತಗೆ. "ಎಲ್ಲರೂ ಯಾರ್ಡಿನ ಒಳ್ಳೇ ಕೆಲಸಗಾರರೇ. ಮೈಗಳ್ಳರು ಒಬ್ಬರೂ ಬಿದ್ದಿಲ್ಲ. ಇನ್ನೂ ಎಂಟು ಜಾಗ ಬಾಕಿ ಇದೆ, ಎರಡನೇ ಪರೀಕ್ಷೆಗೆ ಹತ್ತು ದಿನ ಇದೆ. ನೋಡಿ."

ಹೊರಗೆ ಬಾಮೈದ ಕಾಯುತ್ತಿದ್ದ. ಮುಖ ಹುಳ್ಳಗೆ ಮಾಡಿಕೊಂಡು, "ಭಾವ, ನನ್ನ ಸೋಮಾರಿತನಕ್ಕೆ ಕಂಪನಿಯವರೇ ಸರ್ಟಿಫಿಕೇಟ್ ಕೊಟ್ಟುಬಿಟ್ರು" ಅಂದ. ಬೇರೆ ದಿನವಾಗಿದ್ದರೆ ಬಿಗಿಯಣ್ಣ ನಗುತ್ತಿದ್ದ ಅಥವಾ ಹೊಡೆಯುತ್ತಿದ್ದ. ಆ ದಿನ ಸುಮ್ಮನೆ ಸೈಕಲ್ ಹತ್ತಿ ಮನೆಗೆ ಹೋದ.

ಹೆಂಡತಿ ಯಾರದೋ ಕೋಟಿಗೆ ತೋಳು ಕೂರಿಸುತ್ತಿದ್ದಳು. ಅವನ ಮುಖ ನೋಡಿ ಯಂತ್ರ ನಿಲ್ಲಿಸಿದಳು. ಅವನು ಬಟ್ಟೆಯ ರಾಶಿಯ ಪಕ್ಕ ಕೂತು ಎಲ್ಲ ಹೇಳಿದ. ಹೇಳಿ, ತನ್ನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದ. "ಇದನ್ನ ಏನು ಮಾಡಲಿ ಹೇಳು. ಕತ್ತರಿ ಕೊಡು, ಕತ್ತರಿಸಿಬಿಡ್ತೀನಿ."

"ಕತ್ತರಿ ಬಟ್ಟೆಗೆ. ಮೊಂಡಾಗುತ್ತೆ" ಅಂದಳು ಅವಳು. ಆಮೇಲೆ ಕೇಳಿದಳು, "ಅಲ್ಲಾ ರೀ, ಯಾಕೆ ನಿಮಗೆ ಮುಚ್ಚೋ ಹುಚ್ಚು ಇಷ್ಟು? ಮದುವೆಯಾಗಿ ಇಪ್ಪತ್ತಾರು ವರ್ಷವಾಯ್ತು, ಬೈದಿದ್ದೀನೇ ಹೊರತು ಒಂದು ಸಲವೂ ಕೇಳಿಲ್ಲ."

ಅವನು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡ. ಆಮೇಲೆ ಯಾರಿಗೂ ಹೇಳದ ಒಂದು ವಿಷಯ ಹೇಳಿದ.

ಅವನು ಸೇರಿದ ಮೊದಲನೇ ವರ್ಷ, ಇಪ್ಪತ್ತೆರಡು ವಯಸ್ಸು. ಯಾರ್ಡಿನಲ್ಲಿ ಒಬ್ಬ ಮುದಿ ಮೇಸ್ತ್ರಿ ಇದ್ದರು, ಕೆಲಸ ಕಲಿಸಿದವರು. ಅಲ್ಲಿ ದಪ್ಪ ಎಣ್ಣೆಯನ್ನು ಹರಿಯಲಿ ಅಂತ ಕಾಯಿಸಿ ಬಿಡುತ್ತಾರೆ. ಒಂದು ದಿನ ಅವನು ಊಟದ ಅವಸರದಲ್ಲಿ ಎರಡನೇ ವಾಲ್ವನ್ನು ಅರ್ಧಕ್ಕೇ ಬಿಟ್ಟು ಹೋದ. ಮೇಸ್ತ್ರಿ ಇನ್ನೊಂದು ತುದಿಯಲ್ಲಿ ಕೊಳವೆ ಬಿಚ್ಚಿದರು. ಕಾಯಿಸಿದ ಎಣ್ಣೆ ಅವರ ಎರಡೂ ಕಾಲಿನ ಮೇಲೆ, ಮಂಡಿವರೆಗೂ. ವಿಚಾರಣೆ ನಡೆಯಿತು. ಮೇಸ್ತ್ರಿ "ಯಾರು ಅಂತ ನೋಡಲಿಲ್ಲ" ಅಂದುಬಿಟ್ಟರು. ನೋಡಿದ್ದರು. ಆಸ್ಪತ್ರೆಗೆ ಹೋಗಿ ಹಾಸಿಗೆಯ ಪಕ್ಕ ನಿಂತಾಗ ಅವನಿಗೆ ಹೇಳಿದ್ದು ಒಂದೇ ಮಾತು: "ಇನ್ಮೇಲೆ ಎರಡೂ ಮುಚ್ಚು ಮಗ."

"ಅವತ್ತಿಂದ ಮುಚ್ತಾ ಇದ್ದೀನಿ" ಅಂದ ಬಿಗಿಯಣ್ಣ. "ಅದನ್ನ ತೆರೆದು ಬಿಟ್ಟು ಬರೋದು ಅಂದ್ರೆ ನನಗೆ… ಅವರ ಕಾಲು ಕಾಣುತ್ತೆ ಕಣೇ." ಅವನು ಅತ್ತ. ಅವಳು ಎದ್ದು ಬಂದು, ಕೊರಳಿಗೆ ನೇತುಬಿದ್ದ ಅಳತೆ ಟೇಪಿನ ಸಮೇತ ಅವನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತಳು.

"ನೋಡಿ" ಅಂದಳು. "ನನಗೆ ನಿಮ್ಮ ಗ್ಯಾಸು ಗೊತ್ತಿಲ್ಲ. ಕುಕ್ಕರ್ ಗೊತ್ತು. ಕುಕ್ಕರಿಗೆ ಉಸಿರಾಡೋಕೆ ಒಂದು ತೂತು ಬಿಟ್ಟಿರೋದು ಅಡುಗೆ ಮಾಡೋರಿಗೆ ಸುಡದೇ ಇರಲಿ ಅಂತ. ಅದಕ್ಕೆ ಬಿರಡೆ ಹಾಕಿದರೆ ನಿಮ್ಮ ಮೇಸ್ತ್ರಿ ಮೆಚ್ಚಿಕೊಳ್ತಾರಾ? ಅವರು ಹೇಳಿದ್ದು ಮುಚ್ಚು ಅಂತಲ್ಲ ರೀ. ಇನ್ನೊಬ್ಬರ ಕಾಲು ಸುಡಬೇಡ ಅಂತ. ಅಲ್ಲಿ ಮುಚ್ಚಿದ್ದರೆ ಸುಡ್ತಿರಲಿಲ್ಲ, ಇಲ್ಲಿ ತೆರೆದರೆ ಸುಡೋಲ್ಲ. ಅದೇ ಮಾತು, ಅದೇ ಕೆಲಸ."

ಅವನು ತಲೆ ಎತ್ತಿ ಅವಳನ್ನು ನೋಡಿದ. ಟೀಚರಮ್ಮ ಎರಡು ತಿಂಗಳಲ್ಲಿ ಹೇಳಿಕೊಟ್ಟಿದ್ದರಲ್ಲಿ ಇದು ಇರಲಿಲ್ಲ.

"ಸರಿ, ಒಪ್ಪಿದೆ" ಅಂದ. "ಆದ್ರೆ ಕೈಗೆ ಯಾರು ಹೇಳೋದು?"

"ಕೈಗೆ ಹೇಳಿದರೆ ಕೇಳೋಲ್ಲ, ಅಭ್ಯಾಸ ಮಾಡಿಸಬೇಕು. ಕಾಲಲ್ಲಿ ತುಳಿಯೋ ಯಂತ್ರ ಬಿಟ್ಟು ಈ ಕರೆಂಟಿನದು ತಂದಾಗ ನನ್ನ ಕಾಲು ಸುಮ್ಮನಿತ್ತಾ? ಒಂದು ತಿಂಗಳು ಮೇಜಿನ ಕೆಳಗೆ ಬರೀ ಗಾಳಿ ತುಳೀತಾ ಇತ್ತು. ನೀವು ನೋಡಿ ನಗ್ತಿದ್ರಿ. ಈಗ ನನ್ನ ಸರದಿ."

ಮಾರನೇ ದಿನದಿಂದ ಮನೆಯಲ್ಲಿ ಹೊಸ ಕಾನೂನು. ಏನೇ ಮುಚ್ಚುವ ಮೊದಲು "ಒಳಗಿರೋದು ಎಲ್ಲಿಗೆ ಹೋಗುತ್ತೆ?" ಅಂತ ಬಾಯಿಬಿಟ್ಟು ಕೇಳಬೇಕು, ಯಾವುದನ್ನೂ ಕೊನೆಯವರೆಗೆ ಬಿಗಿಯಬಾರದು. ನಲ್ಲಿ ಸಣ್ಣಗೆ ತೊಟ್ಟಿಕ್ಕಿದರೂ ಪರವಾಗಿಲ್ಲ. ಐವತ್ತೊಂದರ ಮನುಷ್ಯ ಬಚ್ಚಲಲ್ಲಿ ನಿಂತು ನಲ್ಲಿಗೆ ಪ್ರಶ್ನೆ ಕೇಳುವುದು, ಗೇಟಿನ ಹತ್ತಿರ ನಿಂತು ಅಗುಳಿಯನ್ನು ವಿಚಾರಿಸಿಕೊಳ್ಳುವುದು. ಪಕ್ಕದ ಮನೆಯವರು ಅವಳನ್ನು ಗೋಡೆಯ ಹತ್ತಿರ ಕರೆದು, "ಯಜಮಾನರು ಹುಷಾರಾಗಿದ್ದಾರಾ?" ಅಂತ ಕೇಳಿದರು. "ಕೈಗೆ ಪಾಠ ನಡೀತಾ ಇದೆ" ಅಂದಳು. ಅವರಿಗೆ ಇನ್ನೂ ಗಾಬರಿಯಾಯಿತು.

ಬಾಮೈದನೂ ದಿನಾ ಸಂಜೆ ಬಂದು ಕೂರುತ್ತಿದ್ದ. "ಭಾವ, ಸೋಮಾರಿತನ ಅಷ್ಟು ಸುಲಭ ಅಲ್ಲ. ಇಪ್ಪತ್ತು ವರ್ಷದ ಸಾಧನೆ" ಅಂತ ಗುರುವಿನ ಗತ್ತಿನಲ್ಲಿ ಹೇಳುತ್ತಿದ್ದ. "ವಾಲ್ವನ್ನ ನೋಡಬೇಕು, 'ಇರಲಿ ಬಿಡು ಪಾಪ' ಅಂದುಕೊಳ್ಳಬೇಕು, ಹೊರಟುಬಿಡಬೇಕು." ಬಿಗಿಯಣ್ಣ ಚಪ್ಪಲಿ ಹುಡುಕುತ್ತಿದ್ದ. ಅಕ್ಕ ತಮ್ಮ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಎಷ್ಟೋ ದಿನದಿಂದ ಆ ಮನೆಯಲ್ಲಿ ಅಷ್ಟು ನಗು ಇರಲಿಲ್ಲ, ಅವನಿಗೂ ಅದು ಗೊತ್ತಾಗುತ್ತಿತ್ತು.

ನಾಲ್ಕನೇ ದಿನಕ್ಕೆ ನಲ್ಲಿ ಸರಿಹೋಯಿತು. ಆರನೇ ದಿನಕ್ಕೆ ಗೇಟು. ಏಳನೇ ದಿನ ಹಾಲಿನವನು ಕಲ್ಲಿಲ್ಲದೆ ಒಳಗೆ ಬಂದು, ತಾನೇ ಬೆಚ್ಚಿಬಿದ್ದ. ಆದರೆ ಸಕ್ಕರೆ ಡಬ್ಬಿ ಮಾತ್ರ ಸೋಲಲಿಲ್ಲ. ಬೆಳಿಗ್ಗೆ ಐದೂವರೆಗೆ, ಅರೆನಿದ್ದೆಯಲ್ಲಿ, ಪ್ರಶ್ನೆ ಕೇಳುವಷ್ಟು ಎಚ್ಚರ ಇಲ್ಲದ ಹೊತ್ತಿನಲ್ಲಿ ಅವನು ಮುಚ್ಚುತ್ತಿದ್ದ ಡಬ್ಬಿ ಅದು. ಎಂಟನೇ ದಿನವೂ ಬಿಗಿ, ಒಂಬತ್ತನೇ ದಿನವೂ ಬಿಗಿ. ಅವಳು ಮುಚ್ಚಳ ಹಿಡಿದು ಎತ್ತಿ ಬಾಗಿಲ ಸಂದಿಗೆ ಸಿಕ್ಕಿಸುತ್ತಾ ಹೇಳಿದಳು, "ನಲ್ಲಿ, ಗೇಟು ಎಲ್ಲ ನೀವು ಮುಚ್ಚೋದು. ಇದೊಂದು ಮಾತ್ರ ನಿಮ್ಮ ಕೈ ಮುಚ್ಚೋದು. ಇದು ಸಡಿಲವಾದ ದಿನ ನೀವು ಗೆದ್ದ ಹಾಗೆ."

ಅವನಿಗೆ ಅದು ಚುಚ್ಚಿತು, ಯಾಕೆಂದರೆ ನಿಜವಾಗಿತ್ತು. ಮಾರನೇ ದಿನವೇ ಪರೀಕ್ಷೆ.

ಪರೀಕ್ಷೆಯ ದಿನ ಅವನ ಸರದಿ ಮಧ್ಯಾಹ್ನ ಮೂರಕ್ಕೆ ಬಂತು. ಜೀವ ಕೈಯಲ್ಲಿ ಹಿಡಿದುಕೊಂಡು ಒಳಗೆ ಹೋದ. ಒಂದನೇ ಹೆಜ್ಜೆ, ಎರಡನೇ ಹೆಜ್ಜೆ. ಪ್ರತಿ ಸಲ ಏನನ್ನಾದರೂ ಮುಟ್ಟುವ ಮೊದಲು ತುಟಿಯಲ್ಲೇ ಪ್ರಶ್ನೆ. ಪಂಪು ಶುರುವಾಯಿತು, ನಿಂತಿತು. ಹದಿನೇಳು. ಜೆಟ್ಟಿ ಕಡೆಯ ವಾಲ್ವ್ ಮುಚ್ಚಿದ. ಹದಿನೆಂಟು. ಹಾಳೆ ತೆಗೆದುಕೊಂಡ. ಹತ್ತೊಂಬತ್ತು, ಸಹಿ. ಇನ್ನು ಎಚ್ಚರದಿಂದ ಆ ಎರಡನೇ ವಾಲ್ವಿನ ಪಕ್ಕ ಹಾದು ಹೊರಗೆ ಹೋಗುವುದೊಂದೇ ಬಾಕಿ.

ಅಷ್ಟರಲ್ಲಿ ಹಡಗು ಕೂಗಿತು.

ಒಂದು ಉದ್ದ ಕೂಗು, ಒಂದು ಗಿಡ್ಡ ಕೂಗು, ಮತ್ತೆ ಉದ್ದ. ಯಾರ್ಡಿನ ಕೊನೆಯ ಕಪ್ಪು ಟ್ಯಾಂಕಿನ ಎಣ್ಣೆ ತುಂಬಿಕೊಂಡು ಹೊರಟ ಕೊನೆಯ ಎಣ್ಣೆ ಹಡಗು. ಅದು ಇವತ್ತೇ ಹೊರಡುತ್ತದೆ ಅನ್ನುವುದು ಈ ಗಡಿಬಿಡಿಯಲ್ಲಿ ಅವನಿಗೆ ಮರೆತೇ ಹೋಗಿತ್ತು. ಇಪ್ಪತ್ತೊಂಬತ್ತು ವರ್ಷದಲ್ಲಿ ಎಷ್ಟು ಹಡಗು ಕಳಿಸಿಕೊಟ್ಟಿದ್ದ. ಬಿಸಿಲಲ್ಲಿ ಕೊಳವೆ ಹೊತ್ತಿದ್ದು, ಉಗುರಿನ ಸಂದಿಯ ಕಪ್ಪು, ಮೇಸ್ತ್ರಿ ಕೋಲೂರಿಕೊಂಡು ಗೇಟಿನವರೆಗೆ ಬಂದು ಎಲ್ಲರನ್ನೂ ಮಾತಾಡಿಸಿಕೊಂಡು ಹೋಗುತ್ತಿದ್ದುದು, ಎಲ್ಲ ಒಟ್ಟಿಗೆ ನುಗ್ಗಿ ಬಂತು. ಅವನು ಕಿಟಕಿಯ ಕಡೆ ತಿರುಗಿದ. ಹಡಗು ನಿಧಾನವಾಗಿ ಹಿಂದೆ ಸರಿಯುತ್ತಿತ್ತು. ಅದರ ಹಿಂದೆ ಎರಡು ಬಿಳೀ ಟ್ಯಾಂಕುಗಳು ಪೂರ್ತಿಯಾಗಿ ಕಾಣಿಸಿದವು, ಬಿಸಿಲಿಗೆ ಹೊಳೆಯುತ್ತಿದ್ದವು. ಚೆನ್ನಾಗಿವೆ ಅನ್ನಿಸಿತು ಅವನಿಗೆ, ಮೊದಲ ಸಲ.

ಎಚ್ಚರವಾದಾಗ ಅವನು ಕ್ಯಾಂಟೀನಿನ ಹೊರಗೆ ಮೆಟ್ಟಿಲ ಮೇಲೆ ನಿಂತಿದ್ದ. ಹಿಂದೆ ಬಾಗಿಲು ಹಾಕಿಕೊಂಡಿತ್ತು. ಮತ್ತೆ ಒಳಗೆ ಹೋಗುವ ಹಾಗಿಲ್ಲ. ಎರಡನೇ ವಾಲ್ವನ್ನು ಯಾವಾಗ ದಾಟಿದೆ, ಮುಟ್ಟಿದೆನಾ, ಬಿಟ್ಟೆನಾ? ತಲೆ ಎಷ್ಟು ಕೆರೆದುಕೊಂಡರೂ ನೆನಪಾಗಲಿಲ್ಲ. ಅಂಗೈ ಮೂಸಿ ನೋಡಿಕೊಂಡ, ಕಬ್ಬಿಣದ ವಾಸನೆ ಇತ್ತು. ಆದರೆ ಅದು ಮೊದಲನೇ ವಾಲ್ವಿನದೂ ಆಗಿರಬಹುದು.

"ಹೇಗಾಯ್ತು ಭಾವ?" ಅಂದ ಬಾಮೈದ.

"ಗೊತ್ತಿಲ್ಲ ಕಣೋ."

"ಗೊತ್ತಿಲ್ಲ ಅಂದ್ರೆ?"

"ನಾನು ಅಲ್ಲಿರಲಿಲ್ಲ" ಅಂದ ಬಿಗಿಯಣ್ಣ.

ಮನೆಗೆ ಬಂದು ಹೆಂಡತಿಗೂ ಅದನ್ನೇ ಹೇಳಿದ. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಎರಡೂ ಕೈಯನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು, "ಹಡಗು ಕೂಗ್ತು, ಆಮೇಲೆ ಏನಾಯ್ತೋ ಆ ಕೈಗೇ ಗೊತ್ತು. ಹೋದ ಸಲ ಮುಚ್ಚಿಲ್ಲ ಅಂತ ಆಣೆ ಇಟ್ಟು ಮುಚ್ಚಿ ಬಂದಿದ್ದೆ. ಈ ಸಲ ಆಣೆ ಇಡೋಕೂ ಧೈರ್ಯ ಇಲ್ಲ. ನಾಳೆ ಹತ್ತಕ್ಕೆ ಪಟ್ಟಿ. ಹೋಯ್ತು ಅನ್ಸುತ್ತೆ ಕಣೇ. ನನ್ನ ಕೆಲಸ ಹೋಯ್ತು" ಅಂದ.

ಬೆಳಿಗ್ಗೆಯಿಂದ ಕೋಟಿನ ಅವಸರದಲ್ಲಿ ಅವಳೂ ಒಂದು ಲೋಟ ಟೀ ಕುಡಿದಿರಲಿಲ್ಲ. ಒಲೆ ಹಚ್ಚಿದಳು, ನೀರಿಟ್ಟಳು, ಪುಡಿ ಹಾಕಿದಳು. ಇಷ್ಟು ವರ್ಷ ಮಾಡಿದ ಹಾಗೇ ಕಪಾಟಿನಿಂದ ಸಕ್ಕರೆ ಡಬ್ಬಿಯನ್ನು ಮುಚ್ಚಳ ಹಿಡಿದು ಎತ್ತಿ ಬಾಗಿಲ ಕಡೆ ತಿರುಗಿದಳು.

ಮುಚ್ಚಳ ಕೈಯಲ್ಲಿ ಉಳಿಯಿತು. ಡಬ್ಬಿ ಠಣ್ ಅಂತ ನೆಲಕ್ಕೆ ಬಿದ್ದು ಒಂದು ಸುತ್ತು ಉರುಳಿತು. ಎರಡು ಕಿಲೋ ಸಕ್ಕರೆ ಅಡುಗೆಮನೆಯ ಉದ್ದಕ್ಕೂ, ಒಲೆಯ ಕೆಳಗೆ, ಅವನ ಪಾದದ ಮೇಲೆ.

ಅವಳು ಕೈಯಲ್ಲಿದ್ದ ಮುಚ್ಚಳವನ್ನು ಒಂದು ಸಲ, ಅವನನ್ನು ಒಂದು ಸಲ ನೋಡಿದಳು.

"ರೀ. ಬೆಳಿಗ್ಗೆ ಇದನ್ನ ಮುಚ್ಚಿದ್ದು ಯಾರು?"

"ನಾನೇ. ಇನ್ಯಾರು?"

"ನೆನಪಿಟ್ಟುಕೊಂಡು ಸಡಿಲ ಬಿಟ್ರಾ?"

ಅವನು ಯೋಚಿಸಿದ. ಬೆಳಿಗ್ಗೆ ಪರೀಕ್ಷೆಯ ಭಯದಲ್ಲಿ ಟೀಗೆ ಸಕ್ಕರೆ ಹಾಕಿದ್ದೇ ನೆನಪಿರಲಿಲ್ಲ. "ಇಲ್ಲ" ಅಂದ. "ಡಬ್ಬಿ ಮುಟ್ಟಿದ್ದೇ ನೆನಪಿಲ್ಲ."

ಅವಳು ಅಲ್ಲೇ, ಸಕ್ಕರೆಯ ಮೇಲೇ, ಧೊಪ್ಪನೆ ಕೂತುಬಿಟ್ಟಳು. ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ, ಕಣ್ಣಲ್ಲಿ ನೀರು ಬಂತು, ಮುಚ್ಚಳದಿಂದ ನೆಲ ಬಡಿದಳು. "ಪಾಸ್! ಅಯ್ಯೋ ನಮ್ಮಪ್ಪಾ, ಪಾಸಾಗಿದ್ದೀರಿ ರೀ!"

"ಸುಮ್ನಿರೇ, ಪಟ್ಟಿ ನಾಳೆ ಹತ್ತಕ್ಕೆ…"

"ಆ ಪಟ್ಟಿ ಅವರಿಗಿರಲಿ. ನಂದು ಇಲ್ಲೇ ಬಿದ್ದಿದೆ ನೋಡಿ!"

ಬಿಗಿಯಣ್ಣ ತನ್ನ ಬಲಗೈಯನ್ನು ಮಂಡಿಗಳ ನಡುವಿನಿಂದ ಹೊರಗೆ ತೆಗೆದ. ಮೊದಲ ಸಲ ನೋಡುವವನ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡಿದ. ಆಮೇಲೆ ಅವನೂ ಕೆಳಗೆ ಕೂತ. ಒಲೆಯ ಮೇಲಿನ ನೀರು ಉಕ್ಕಿ ಹರಿಯಿತು, ಇಬ್ಬರೂ ಏಳಲಿಲ್ಲ.

ಮಾರನೇ ದಿನ ಹತ್ತು ಗಂಟೆಗೆ ಟೀಚರಮ್ಮ ಉಳಿದ ಜಾಗಗಳ ಪಟ್ಟಿ ಅಂಟಿಸಿದಳು. ಅವನ ಹೆಸರು ಏಳನೆಯದು. ಬಾಮೈದ ಅವನನ್ನು ಎತ್ತಲು ಹೋಗಿ, ಎತ್ತಲಾರದೆ, ಇಬ್ಬರೂ ಬಿದ್ದರು. ಬಿಗಿಯಣ್ಣ ಬಟ್ಟೆ ಕೊಡವಿಕೊಂಡು ಎದ್ದು, ಮನೆಗೆ ಫೋನ್ ಮಾಡಿದ. ಆ ಕಡೆಯಿಂದ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು.

"ಏಳನೆಯವನು ಕಣೇ!" ಅಂದ.

"ಗೊತ್ತು ಬಿಡಿ" ಅಂದಳು ಅವಳು. "ಬರುವಾಗ ಎರಡು ಕಿಲೋ ಸಕ್ಕರೆ ತನ್ನಿ."